ಗಾಜಿನೊಳಗಿನ ಬೇಡ್ತಿ

೨೪ ಜನವರಿ ೧೯೯೯, ರವಿವಾರ

ಸ್ನಾನದ ಹಂಡೆಯಲ್ಲಿ ಇವತ್ತು ಕಲ್ಲು ಕುದಿಯುತ್ತಿವೆ. ನಮ್ಮ ಸ್ನಾನ ಮಧ್ಯಾಹ್ನಕ್ಕೆ.

ಎಲ್ಲ ರಜನಿಯ ಕಾರಭಾರ. ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಝೂಆಲಜಿ. ಪ್ರಾಜೆಕ್ಟ್ ಅಂತೆ. ಹೊಳೆಯ ಮೀನನ್ನು ಮನೆಯಲ್ಲಿ ಹೊಳೆಯ ಹಾಗೆಯೇ ಇಟ್ಟು, ಹೇಗೆ ಬದುಕುತ್ತವೆ ಎಂದು ನೋಡಿ ಬರೆಯಬೇಕು. ಸತ್ತರೆ ವರ್ಷ ಹೋದಂತೆ. ಕಲಘಟಗಿ ಕಡೆಯ ಬೇಡ್ತಿ ಹೊಳೆಯಿಂದ ಕಲ್ಲು, ಉಸುಕು, ಒಂದು ಮರದ ಬೇರು ತಂದಿದ್ದಾಳೆ. ಗಾಜಿನ ಟ್ಯಾಂಕು ಪಡಸಾಲೆಯ ಮೇಜಿನ ಮೇಲೆ. ಟಿವಿ ನೆಲಕ್ಕೆ.

ಉಸುಕು ತೊಳೆದಷ್ಟೂ ಕೆಂಪು. ನಳ ಬರುವುದು ಎಂಟು ದಿನಕ್ಕೊಮ್ಮೆ. ತೊಳೆದ ನೀರನ್ನೇ ತಿಳಿ ಮಾಡಿ ಮತ್ತೆ ತೊಳೆದೆ. ಸೊಂಟ ಹೋಯಿತು.

ಇವರು ಅಡತಿ ಅಂಗಡಿಯಿಂದ ಬಂದು ನೋಡಿದರು.

"ಹೊಳಿ ಮನೀಗೆ ಬಂತು. ನಳಕ್ಕ ನೀರು ಬರವಲ್ದು."

ನಗು ಬರಲಿಲ್ಲ.

೩೧ ಜನವರಿ, ರವಿವಾರ

ಬೆಳಗಿನಿಂದ ರಜನಿ ಹೊಳೆಯಲ್ಲಿ ತೆಗೆದ ಫೋಟೋ ನೋಡುವುದು, ಕಲ್ಲು ಸರಿಸುವುದು. ಹೊಳೆಯಲ್ಲಿ ಎಲ್ಲಿತ್ತೋ ಇಲ್ಲಿಯೂ ಅಲ್ಲೇ ಇರಬೇಕು.

"ಈ ಕಲ್ಲು ಬೇರಿನ ಬಲಕ್ಕಿತ್ತವಾ."

"ಮಳಿಗಾಲದಾಗ ಅದು ಎಲ್ಲಿ ಉಳ್ಳಿಕೊಂಡು ಹೋಕ್ಕಿತ್ತೋ. ನೀ ಅಳತಿ ಹಿಡದು ಕುಂತಿ."

"ಸರ್ ತಾಳೆ ನೋಡ್ತಾರ. ನೀ ಸುಮ್ನ ಹಿಡಿ."

ಹಿಡಿದೆ. ಕೈ ಮರಗಟ್ಟಿತು. ಒಂದು ಮೂಲೆಗೆ ಪಂಪು. ನೀರು ಆ ಕಡೆಯಿಂದ ಈ ಕಡೆಗೆ ಹರಿಯುತ್ತದೆ. ಮೀನು ಆರು. ಬೆರಳುದ್ದ, ಮೈಮೇಲೆ ಕರಿ ಪಟ್ಟೆ. ಬಿಟ್ಟ ಕೂಡಲೇ ಕಲ್ಲಿನ ಕೆಳಗೆ ಹೋದವು. ಆಮೇಲೆ ಒಂದೊಂದೇ ಹೊರಗೆ ಬಂದು, ಹರಿಯುವ ನೀರಿಗೆ ಮುಖ ಕೊಟ್ಟು ನಿಂತವು. ಸುಳ್ಳು ಯಾಕೆ, ಚಂದ ಕಂಡಿತು.

ಎದುರು ಮನೆಯ ಶರಣವ್ವ ಬಂದಳು. "ಲಿಂಗವಂತರ ಮನ್ಯಾಗ ಮೀನಾ? ಸಾರಿಗಿ ಯಾವಾಗ ಹಾಕ್ತೀರಿ ಮತ್ತ?" ಓಣಿಗೆಲ್ಲ ಹೇಳಿ ಬಂದಿರುತ್ತಾಳೆ.

೫ ಫೆಬ್ರವರಿ, ಶುಕ್ರವಾರ

ರಜನಿ ಕಾರವಾರಕ್ಕೆ ಹೋದಳು, ಸಮುದ್ರದ ಪಾಠಕ್ಕೆ. ಬರುವುದು ಮಾರ್ಚ್ ಒಂದಕ್ಕೆ. ಮೀನು ನನ್ನ ಕೊರಳಿಗೆ.

ಒಂದು ಡಬ್ಬಿ ಕೊಟ್ಟು ಹೋಗಿದ್ದಾಳೆ, ಮೀನಿನ ಆಹಾರ. ಮುಚ್ಚಳ ತೆಗೆದರೆ ಒಣ ಸಿಗಡಿ ನಾತ. ದೇವರ ಕೋಣೆಯ ಗೋಡೆಗೆ ಹತ್ತಿದ ಮೇಜು ಅದು. ಡಬ್ಬಿ ಹಿತ್ತಲಿಗೆ ಎಸೆದೆ. ಈ ಮನೆಯಲ್ಲಿ ನಾವು ಉಣ್ಣುವುದನ್ನೇ ಅವೂ ಉಣ್ಣಲಿ. ಜೋಳದ ಹಿಟ್ಟು ಉದುರಿಸಿದೆ.

೮ ಫೆಬ್ರವರಿ, ಸೋಮವಾರ

ನೀರು ಗಂಜಿಯಾಗಿದೆ. ಮೀನು ಹಿಟ್ಟು ಮುಟ್ಟಿಲ್ಲ. ಮೇಲೆ ಕರೆಂಟು ಬೇರೆ ಹೋಗಿ ಪಂಪು ನಿಂತಿತು. ಸಂಜೆಗೆ ಒಂದು ಹೊಟ್ಟೆ ಮೇಲೆ ಮಾಡಿತು. ಕಣಗಿಲೆ ಬುಡದಲ್ಲಿ ಹೂಳಿದೆ. ವಿಭೂತಿ ಹಚ್ಚಲೇ ಅಂತಲೂ ಬಂತು ಮನಸ್ಸಿಗೆ. ಬುದ್ಧಿ ಇಲ್ಲ ನನಗೆ.

ಕುಡಿಯಲು ಇಟ್ಟ ನೀರು ಸುರಿದು ಟ್ಯಾಂಕಿನ ಅರ್ಧ ನೀರು ಬದಲಿಸಿದೆ. ರಾತ್ರಿ ರಜನಿಯ ಫೋನು.

"ಏನ್ ಹಾಕಾಕತ್ತೀ ಅವ್ವಾ?"

"ಜ್ವಾಳದ ಹಿಟ್ಟು."

"ಹೊಳ್ಯಾಗ ಯಾರರ ರೊಟ್ಟಿ ಬಡೀತಾರೇನು? ಹುಳಾ ತಿಂದು ಬದುಕೂವು ಅವು. ನಿಂತ ನೀರಾಗ ಸೊಳ್ಳಿಮರಿ ಇರತಾವಲ್ಲ, ಅವನ್ನ ಹಾಕು. ಜೀವಂತ."

"ನನ್ನ ಕೈಲೆ ಆಗೂದಿಲ್ಲ."

"ಹಂಗಾರ ನನ್ನ ವರ್ಷ ಹೋಗ್ಲಿ ಬಿಡು."

ಫೋನು ಇಟ್ಟಳು.

೧೦ ಫೆಬ್ರವರಿ, ಬುಧವಾರ

ನನ್ನ ಮನೆಯಲ್ಲಿ ಸೊಳ್ಳೆಮರಿ ಎಲ್ಲಿಂದ ಬರಬೇಕು? ಪ್ರತಿ ಕೊಡಕ್ಕೆ ಮುಚ್ಚಳ, ಪ್ರತಿ ಮುಚ್ಚಳದ ಕೆಳಗೆ ಅರಿವೆ. ಸ್ವಚ್ಛ ಇಟ್ಟಿದ್ದಕ್ಕೂ ಬೇಜಾರಾಗುವ ಕಾಲ ಬಂತು.

ಪಕ್ಕದ ಮನೆಯ ನೂರಜಹಾನಳಿಗೆ ಹೇಳಿದೆ. "ನಮ್ಮ ಡ್ರಮ್ಮಿನ್ಯಾಗ ಬೇಕಾದಷ್ಟು ಅದಾವ್ರೀ ಅಕ್ಕಾ" ಎಂದು ಚಹಾ ಸೋಸುವ ಜರಡಿಯಲ್ಲಿ ತಂದು ತಾನೇ ಹಾಕಿದಳು. ನಾನು ಗೋಡೆ ಕಡೆ ಮುಖ ಮಾಡಿ ನಿಂತೆ. "ತಿರುಗಿ ನೋಡ್ರಿ, ಹ್ಯಾಂಗ ತಿನ್ನಾಕತ್ತಾವ." ನೋಡಲಿಲ್ಲ. ದಿನಾ ಬಾ ಎಂದೆ.

೧೪ ಫೆಬ್ರವರಿ, ಶಿವರಾತ್ರಿ

ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದೆ. ಜರಡಿ ಹಿಡಿದು ನೂರಜಹಾನ ಬಂದಳು. ಪೂಜೆ ಮುಗಿಸಿ ಎದ್ದು, ಇವತ್ತು ಬೇಡ, ಉಪವಾಸ ಎಂದೆ.

"ಉಪಾಸ ನಿಮಗರೀ ಅಕ್ಕಾ. ಮೀನಿಗೇನು?"

ಹಾಕಿದಳು. ಹೋಗುವಾಗ ಬಾಗಿಲಲ್ಲಿ ನಿಂತು— "ಪಾಪ ನನ್ನ ಕೈಲೆ, ಪುಣ್ಯ ನಿಮ್ಮ ಕೈಲೆ. ಛಲೋ ವ್ಯಾಪಾರ."

ನಕ್ಕಳು. ನಾನೂ ನಕ್ಕೆ. ಆಮೇಲೆ ಭಜನೆ ಬಾಯಿಗೆ ಬಂತು, ಒಳಗೆ ಇಳಿಯಲಿಲ್ಲ.

೧೫ ಫೆಬ್ರವರಿ, ಸೋಮವಾರ

ನೂರಜಹಾನಳಿಗೆ ಇನ್ನು ಬರಬೇಡ ಎಂದು ಹೇಳಿದೆ.

"ಸಿಟ್ಟ ಬಂತೇನ್ರಿ? ನಾ ಚ್ಯಾಷ್ಟಿ ಮಾಡಿದ್ನಿ."

"ಸಿಟ್ಟಲ್ಲವಾ. ನೀ ಅಂದದ್ದು ಖರೇ ಐತಿ."

ಅವಳಿಗೆ ಅರ್ಥವಾಗಲಿಲ್ಲ. ಹಿತ್ತಲಲ್ಲಿ ಒಂದು ಬಕೆಟ್ಟಿಗೆ ನೀರು ತುಂಬಿ, ಮುಚ್ಚಳ ಹಾಕದೆ ಬಿಟ್ಟೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇದೇ ಮೊದಲು.

೨೧ ಫೆಬ್ರವರಿ, ರವಿವಾರ

ಇನ್ನೊಂದು ಸತ್ತಿತು. ಉಳಿದ ನಾಲ್ಕರ ಹೊಟ್ಟೆ ಬೆನ್ನಿಗೆ ಹತ್ತಿದೆ. ನೀರಿಗೆ ಮುಖ ಕೊಟ್ಟು ನಿಲ್ಲುವುದನ್ನೂ ಬಿಟ್ಟಿವೆ. ಬಕೆಟ್ಟಿನಲ್ಲಿ ಕೂದಲೆಳೆಯಷ್ಟು ಏನೋ ಅಲ್ಲಾಡುತ್ತದೆ, ಜರಡಿಗೆ ಸಿಗುವುದಿಲ್ಲ. ನೂರಜಹಾನಳನ್ನು ಕರೆಯಲೇ ಎಂದು ಎರಡು ಸಲ ಹೊಸ್ತಿಲ ತನಕ ಹೋಗಿ ಬಂದೆ.

ಇವರಿಗೆ ಸಿಟ್ಟು. "ಊರ ಮಂದಿ ಸೊಳ್ಳಿ ಓಡಸ್ತಾರ. ನೀ ಸಾಕಾಕತ್ತಿ. ತಲಿ ನೆಟ್ಟಗೈತಿಲ್ಲೊ?"

ತೋಳಿನ ಮೇಲೆ ಒಂದು ಸೊಳ್ಳೆ ಕೂತಿತು. ಹೊಡೆಯಲಿಲ್ಲ. ಕುಡಿಯಲಿ. ನಾಳೆ ಅದರ ಮಕ್ಕಳನ್ನು ನಾನು...

೨೩ ಫೆಬ್ರವರಿ, ಮಂಗಳವಾರ, ಬೆಳಿಗ್ಗೆ

ಇವತ್ತು ಸಿಕ್ಕವು. ಜರಡಿ ತುಂಬ. ಟ್ಯಾಂಕಿನ ಮುಂದೆ ನಿಂತೆ. ಯಾವ ಕೈಯಿಂದ ಹಾಕಲಿ? ಎಡಗೈ ಲಿಂಗ ಕೂಡುವ ಪೀಠ. ಬಲಗೈ ಪತ್ರಿ ಏರಿಸುವುದು. ಮೂರನೆಯ ಕೈ ಶಿವ ಕೊಟ್ಟಿಲ್ಲ. ಅದಕ್ಕೇ ನೂರಜಹಾನಳದ್ದು ತೆಗೆದುಕೊಂಡಿದ್ದೆ.

ಜರಡಿಯಲ್ಲಿ ಅವು ಒದ್ದಾಡುತ್ತಿದ್ದವು. ಕಲ್ಲಿನ ಕೆಳಗೆ ಇವು ಬಾಯಿ ತೆರೆದು ಮುಚ್ಚುತ್ತಿದ್ದವು. ಎರಡೂ ನಿನ್ನವೇ, ಶಿವನೇ. ನನ್ನನ್ನು ಯಾಕೆ ನಡುವೆ ನಿಲ್ಲಿಸಿದೆಯಪ್ಪಾ.

ಎಡಗೈ ಚಾಚಿದೆ. ಲಿಂಗ ಕೂತ ಅಂಗೈ ಮೇಲೆಯೇ ಜರಡಿ ಬೋರಲು ಹಾಕಿ, ಕೈಯನ್ನು ನೀರಿನಲ್ಲಿ ಇಳಿಸಿದೆ. ಮುಚ್ಚಿಡುವುದಾದರೂ ಯಾರಿಂದ? ಈ ಸಲ ಮುಖ ತಿರುಗಿಸಲಿಲ್ಲ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೇರಿನ ಕೆಳಗಿನಿಂದ ಒಂದು ಬಂತು, ಬೆರಳ ಸಂದಿಯಿಂದಲೇ ತಿಂದಿತು. ಹಿಂದೆ ಇನ್ನೊಂದು. ಮೂರನೆಯದು ತಿರುಗಿ ನೀರಿಗೆ ಮುಖ ಕೊಟ್ಟು ನಿಂತಿತು. ನಾಲ್ಕನೆಯದು ಇನ್ನೂ ಕಲ್ಲಿನ ಕೆಳಗೇ ಇದೆ. ಇಷ್ಟು ಬರೆದು ಮತ್ತೆ ಹೋಗಿ ನೋಡಿದೆ, ಅದರ ಬಾಲ ಒಂದು ಸಲ ಅಲ್ಲಾಡಿತು.