ಗಾಳಿಯ ಕಡೆಯ ಅರ್ಧ

ವಿಜಯಪುರ
ಫೆಬ್ರುವರಿ ಮೂವತ್ತು, ೨೨೦೧ನೆಯ ಇಸವಿ

ದಿನಾ ಸಂಜೆ ಕೈಯಾರೆ ದಿನಚರಿ ಬರೆದು ಮನಸ್ಸು ಮೆತ್ತಗಾಗಲಿ ಎಂದು ಬಯಸುವ ಹಿಂದಿನ ಕಾಲದವರಿಗೆ ಈರಸಂಗಪ್ಪನ ನಮಸ್ಕಾರ.

ಮೊದಲು ಖರ್ಚು ಹೇಳಿಬಿಡುತ್ತೇನೆ. ಕಾಗದ ಎರಡು ರೀಮು. ಮಸಿ ಒಂಬತ್ತು ಬಾಟಲಿ. ಒಂದು ಇಡೀ ಮಳೆಗಾಲದ ಸಂಜೆ ವ್ಯಾಪಾರ. ಬಲಗೈಯ ನಡುಬೆರಳು, ಅದು ಈಗ ನೆಟ್ಟಗಾಗುವುದಿಲ್ಲ. ಇಷ್ಟರ ಮೇಲೆ ನನ್ನ ನೆರಳುಚಾವಡಿಯ ಪಡುವಣ ಅರ್ಧ. ಒಬ್ಬ ಹೆಂಗಸನ್ನು ಅರ್ಥ ಮಾಡಿಕೊಳ್ಳಲು ನನಗೆ ಬಿದ್ದ ಖರ್ಚು ಇದು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ನಿಮಗೆ ಬೇಡವಾಗಿದ್ದ ಪದಾರ್ಥಗಳಿಗೆ ನಾವು ಹೆಸರಿಡಬೇಕಾಯಿತು. ನೆರಳುಚಾವಡಿ ಅಂಥದೊಂದು. ಬೆಳಗ್ಗೆ ಹತ್ತರಿಂದ ಸಂಜೆಯ ತನಕ ಬಿಸಿಲಿನ ಝಳಕ್ಕೆ ನಮ್ಮೂರಲ್ಲಿ ಬಯಲಲ್ಲಿ ನಿಲ್ಲುವ ಹಾಗಿಲ್ಲ. ಸುತ್ತ ಹಸಿ ಗೋಣಿತಟ್ಟಿನ ಪರದೆ ಇಳಿಬಿಟ್ಟ ದೊಡ್ಡ ಚಪ್ಪರದೊಳಗೆ ಜನ ಹಲಗೆಗೆ ಇಷ್ಟು ಎಂದು ಕೊಟ್ಟು ಕೂರುತ್ತಾರೆ. ಕ್ಷೌರ, ಹೆಣ್ಣು ನೋಡುವುದು, ಜೋಳದ ವ್ಯಾಪಾರ ಎಲ್ಲ ಅಲ್ಲೇ. ನಾಲ್ಕು ಬಿದಿರು, ಒಂದು ಕಡ ತಂದ ಜಮಖಾನೆಯಿಂದ ಶುರು ಮಾಡಿ, ಬರೀ ಬಾಯಿಯ ಬಲದಿಂದ ಅದನ್ನು ನೂರು ಹಲಗೆಗೆ ಏರಿಸಿದವನು ನಾನು. ನೀರು ಹೊತ್ತವನು ತಮ್ಮ.

ತಮ್ಮ ತೀರಿಕೊಂಡ. ಅವನ ಹೆಂಡತಿ ನಿಂಬೆವ್ವ ಅರ್ಧ ಪಾಲು ಕೇಳಿದಳು. ನ್ಯಾಯವೇ, ಮೂಡಣ ಅರ್ಧ ತಗೋ ಅಂದೆ. ಆಕೆ ಪಡುವಣದ್ದೇ ಬೇಕೆಂದಳು. ಗಾಳಿ ಬೀಸುವುದು ಪಡುವಣದಿಂದ. ಹಸಿ ಪರದೆಗೆ ಗಾಳಿ ತಾಗಿದ ಕಡೆ ತಂಪು, ತಂಪಿದ್ದ ಕಡೆ ಗಿರಾಕಿ. ಅದು ನನಗೂ ಗೊತ್ತು, ಆಕೆಗೂ ಗೊತ್ತು.

ಇಂಥ ಜಗಳ ಈಗ ಕೋರ್ಟಿಗೆ ಹೋಗುವುದಿಲ್ಲ, ಮರುಕಮಂಡಳಿಗೆ ಹೋಗುತ್ತದೆ. ಅವರು ಕಾಗದಪತ್ರ ಕೇಳುವುದಿಲ್ಲ, ಪರದಿನಚರಿ ಬರೆಸುತ್ತಾರೆ. ಎಂದರೆ, ನನ್ನ ದಿನವನ್ನು ಆಕೆ, ಆಕೆಯ ದಿನವನ್ನು ನಾನು, 'ನಾನು' ಎಂದೇ ಶುರುಮಾಡಿ ದಿನಾ ಕೈಯಲ್ಲಿ ಬರೆಯಬೇಕು. ಯಂತ್ರ ಮುಟ್ಟುವ ಹಾಗಿಲ್ಲ. ಕೈ ನಿಧಾನ, ಆ ನಿಧಾನದಲ್ಲಿ ಮರುಕ ಇಳಿಯುತ್ತದೆ ಎಂದು ಅವರ ನಂಬಿಕೆ. ಇಳಿಯುತ್ತದೆ ಕೂಡ. ನನ್ನ ತಕರಾರೇ ಅದು.

ಮೊದಲ ದಿನ ನಾನು ಬರೆದದ್ದು ಮೂರು ಸಾಲು. ನಾನು ನಿಂಬೆವ್ವ, ಎದ್ದೆ, ರೊಟ್ಟಿ ಬಡಿದೆ, ಮಲಗಿದೆ. ಮಂಡಳಿಯ ಗುಮಾಸ್ತ ಹಾಳೆ ತಿರುಗಿಸಿ ಕೊಟ್ಟ. "ಸಾವಕಾರ್ರ, ಇದರಾಗ ಹೆಂಗಸು ಎಲ್ಲಿ ಅದಾಳ? ಬರೇ ರೊಟ್ಟಿ ಅದಾವ."

ಹೀಗಾಗಿ ನೋಡಬೇಕಾಯಿತು, ಕೇಳಬೇಕಾಯಿತು. ತಮ್ಮ ಹೋದಮೇಲೆ ಪರದೆಗಳನ್ನು ನೆನೆಸಿ ಎತ್ತಿ ಕಟ್ಟುವವಳು ಆಕೆಯೇ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಆಗ. ಭುಜ ಎತ್ತಲಾಗದೆ ತಲೆಯನ್ನು ನೆರೆಯವಳಿಂದ ಬಾಚಿಸಿಕೊಳ್ಳುತ್ತಿದ್ದಳು. 'ನನ್ನ ಭುಜ' ಎಂದು ದಿನಾ ಬರೆದೂ ಬರೆದೂ ನನ್ನ ಭುಜವೇ ನೋಯತೊಡಗಿತು. ವೈದ್ಯ ಏನೂ ಇಲ್ಲವೆಂದ, ದುಡ್ಡು ಮಾತ್ರ ತೆಗೆದುಕೊಂಡ.

ಇನ್ನೊಂದೂ ತಿಳಿಯಿತು. ಆಕೆಯ ಕೈ ಪೂರಾ ಖಾಲಿ. ವಿಚಾರಣೆಯನ್ನು ನಾನು ಇನ್ನೊಂದು ತಿಂಗಳು ಎಳೆದಿದ್ದರೆ ಸಾಕಿತ್ತು, ಮೂಡಣ ಅರ್ಧಕ್ಕೆ ತಾನಾಗಿ ಒಪ್ಪುತ್ತಿದ್ದಳು. ಹಳೆಯ ಈರಸಂಗಪ್ಪನಾಗಿದ್ದರೆ ಎರಡು ತಿಂಗಳು ಎಳೆಯುತ್ತಿದ್ದ. ಆದರೆ 'ಹಿಟ್ಟಿನ ಡಬ್ಬಿಯ ತಳ ಕೆರೆದೆ' ಎಂದು ನನ್ನ ಕೈಯಲ್ಲೇ ಬರೆದಮೇಲೆ ಎಳೆಯಲು ಆಗಲಿಲ್ಲ. ಮಂಡಳಿ ಕೊಟ್ಟ ವಿಚಾರಣೆಯ ತಾರೀಖಿಗೆ ಒಪ್ಪಿಕೊಂಡು ಬಂದೆ.

ಆಕೆಯೂ ಅಷ್ಟೇ ನಿಷ್ಠೆಯಿಂದ ನನ್ನನ್ನು ಬರೆಯುತ್ತಿದ್ದಳು. ನಾನು ಜೋರಾಗಿ ಮಾತಾಡುವಾಗ ಒಳಗೆ ಹೆದರಿರುತ್ತೇನೆ ಎಂದು ಬರೆದಳು. ಗಿರಾಕಿಗಳೆದುರು ಸಣ್ಣವನಾಗಲು ನನ್ನಿಂದ ಆಗದು ಎಂದೂ ಬರೆದಳು. ಎರಡೂ ನಿಜ. ಹಾಗಾಗಿ ವಿಚಾರಣೆಯನ್ನು ಮಂಡಳಿಯ ಕಟ್ಟಡದಲ್ಲಿ ಬೇಡ, ಚಾವಡಿಯಲ್ಲೇ ನಡೆಸಿ ಎಂದು ಕೇಳಿಕೊಂಡಳು. ಅಂದು ನೂರು ಹಲಗೆಯೂ ತುಂಬಿತ್ತು. ಮಂಡಳಿಯವರು ನಿನಗೇನು ಬೇಕು ಎಂದರೆ, ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ನಾ ಏನೂ ಕೇಳೂದಿಲ್ರಿ. ಭಾವಾರದು ದೊಡ್ಡ ಮನಸ್ಸು. ಅವರ ಕೈಯಾರೆ ಏನು ಕೊಡ್ತಾರೋ ಅದು."

ನೂರು ಹಲಗೆಯೂ ನನ್ನ ಕಡೆ ತಿರುಗಿತು. ಪಡುವಣ ಕೊಟ್ಟೆ ಎಂದು ನನ್ನ ಬಾಯಿ ಹೇಳಿದ್ದನ್ನು ನಾನೂ ಎಲ್ಲರ ಜೊತೆ ಕೇಳಿಸಿಕೊಂಡೆ. ಜನ ಚಪ್ಪಾಳೆ ತಟ್ಟಿದರು.

ಎಲ್ಲರೂ ಎದ್ದುಹೋದ ಮೇಲೆ, ನನ್ನನ್ನು ಇಷ್ಟು ತಿಳಿದೂ ಹೀಗೆ ಮಾಡಿದೆಯಲ್ಲ ಎಂದೆ. ಆಕೆ ಮುಖ ತಪ್ಪಿಸಲಿಲ್ಲ. "ನಿಮ್ಮ ಸಂಕಟ ಎಲ್ಲಾ ತಿಳೀತು ಭಾವಾರ. ಬರಿಯೂವಾಗ ಅತ್ತೀನಿ ಸುದ್ದಾ. ಆದ್ರ ಗಾಳಿ ಕಡೀದು ನನಗ ಬೇಕಾಗಿತ್ತು."

ಅತ್ತದ್ದು ಸುಳ್ಳಲ್ಲ. ಹಾಳೆಗಳನ್ನು ನೋಡಿದ್ದೇನೆ, ಅಲ್ಲಲ್ಲಿ ಮಸಿ ಹರಡಿದೆ.

ಆದ್ದರಿಂದ, ಹಿಂದಿನವರೇ, ಬರೆಯಬೇಡಿ ಎನ್ನುವುದಿಲ್ಲ. ಇನ್ನೊಬ್ಬರ ಒಳಗು ಕಾಣುತ್ತದೆ, ಅದು ಖರೆ. ಕಂಡವರು ಕರಗುತ್ತಾರೆಂದು ಮಾತ್ರ ಯಾರೂ ಬರೆದುಕೊಟ್ಟಿಲ್ಲ. ಬರೆಯುವುದಾದರೆ ನಿಮ್ಮ ಎದುರಾಳಿಗಿಂತ ಚೂರು ಕೆಟ್ಟದಾಗಿ ಬರೆಯಿರಿ ಎಂದಷ್ಟೇ ನನ್ನ ವಿನಂತಿ.

ಯಾರಿಗೆ ಏನು ಸಿಕ್ಕಿತೆಂದು ಹೇಳಿ ಮುಗಿಸುತ್ತೇನೆ. ಮಂಡಳಿಗೆ, ಮರುಕದಿಂದ ಇತ್ಯರ್ಥವಾದ ಇನ್ನೊಂದು ಪ್ರಕರಣ. ಗುಮಾಸ್ತನಿಗೆ ಬಡ್ತಿ. ಕಾಗದದವನಿಗೆ ಎರಡು ರೀಮಿನ ದುಡ್ಡು. ನಿಂಬೆವ್ವನಿಗೆ ಗಾಳಿ. ನನಗೆ, ನಿಂಬೆವ್ವ ಅರ್ಥವಾದಳು.