ಪಂಚನಾಮೆಯ ದಿನದ ಪೇಢೆ

ಗರಗದಲ್ಲಿರುವ ನನ್ನ ಸಾವಕ್ಕನಿಗೆ, ಹುಬ್ಬಳ್ಳಿಯಿಂದ ಮೈಕ್‌ಸೆಟ್ ಯಲ್ಲೇಶನ ನಮಸ್ಕಾರ.

ಆ ಪೇಢೆ ಡಬ್ಬಿಯನ್ನು ನಾನು ಇನ್ನೂ ಒಗೆದಿಲ್ಲ ಅಕ್ಕಾ. ಅದರೊಳಗೆ ಈಗ ಸ್ಕ್ರೂ, ಫ್ಯೂಜು, ವೈರಿನ ತುಂಡು ಇಟ್ಟಿದ್ದೇನೆ. ಅಂಗಡಿಗೆ ಬಂದವರು ಡಬ್ಬಿ ಕಂಡು, ಏನಪಾ ಸಿಹಿಸುದ್ದಿ ಎಂದು ಕೇಳುತ್ತಾರೆ. ಮೊದಲಾಗಿದ್ದರೆ ಅದಕ್ಕೊಂದು ಜೋಕು ಹೊಡೆಯುತ್ತಿದ್ದೆ. ಈಗ ಸುಮ್ಮನೆ ಡಬ್ಬಿಯನ್ನು ಹಿಂದಕ್ಕೆ ಸರಿಸುತ್ತೇನೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದೇ ಇದ್ದದ್ದೇ ಒಳ್ಳೆಯದಾಯಿತು. ಎತ್ತಿದ್ದರೆ ನಾನು ಏನಾದರೂ ನಗಿಸುವ ಮಾತಾಡಿ, ಹೇಳಬೇಕಾದದ್ದನ್ನು ನುಂಗಿಬಿಡುತ್ತಿದ್ದೆ. ಮೈಕಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಕೈಯಲ್ಲಿ ಉಳಿಯುತ್ತದೆ ಎಂದು ಬರೆಯಲು ಕೂತೆ. ಆರನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ, ಕೋಳಿ ತಿಪ್ಪೆ ಕೆದರಿದ ಹಾಗಿದೆ. ನಿನ್ನ ತಂಗಿ ದಾನವ್ವನ ಕಡೆಯಿಂದ ಓದಿಸಿಕೋ. ಅವಳು ನಡುವೆ ನನ್ನನ್ನು ಬೈದರೆ ತಡೆಯಬೇಡ.

ಮೂರು ವರ್ಷದ ಹಿಂದಿನ ಆ ಧರಣಿ ನಿನಗೆ ನೆನಪಿರಬೇಕು. ಆಗ ಎದುರು ಪಕ್ಷದ ಸರಕಾರ. ಬಡವರ ರೇಷನ್ ಕಾರ್ಡು ರದ್ದು ಮಾಡುವ ಪಟ್ಟಿ ಬಂದಿತ್ತು, ಅದರಲ್ಲಿ ನಿನ್ನ ಹೆಸರೂ ಇತ್ತು. ನಮ್ಮ ಪಕ್ಷದ ಸಾಹೇಬರು ಆಗಿನ್ನೂ ಚುನಾವಣೆ ಗೆದ್ದಿರಲಿಲ್ಲ. ಕಚೇರಿ ಮುಂದೆ ಪೆಂಡಾಲು ಹಾಕಿ ಕೂತರು. ಮೈಕು ನನ್ನದು. ಸಾಹೇಬರು ಬರುವ ತನಕ ಜನ ಎದ್ದು ಹೋಗದಂತೆ ನಗಿಸುತ್ತ ಕೂಡಿಸುವುದೂ ನನ್ನದೇ ಕೆಲಸ. ನೀನು ವಿದ್ಯಾನಗರದ ಹಾಸ್ಟೆಲ್ಲಿಗೆ ಕೊಡಬೇಕಾಗಿದ್ದ ರೊಟ್ಟಿ ಬುಟ್ಟಿಯನ್ನು ಹೊತ್ತುಕೊಂಡು ನೇರ ಧರಣಿಗೇ ಬಂದೆ. ಸಾಹೇಬರು ನೆಲದ ಮೇಲೆ ಕೂತು ನಿನ್ನ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಕೈ ತೊಳೆಯದೇ ಮೈಕು ಹಿಡಿದರು.

‘ಈ ತಾಯಿ ರೊಟ್ಟಿ ಬಡದು ಗಂಡನ ಜೀವಾ ಹಿಡಕೊಂಡಾಳ. ಈಕಿ ಕಾರ್ಡ್ ಮುಟ್ಟವರು ಮೊದ್ಲ ನನ್ನ ಮುಟ್ಟಬೇಕು’ ಎಂದರು.

ಅದು ಖರೇ ಮಾತು. ಹನುಮಪ್ಪ ಮಾಮಾನ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಎರಡು ಸಲ ರಕ್ತ ಶುದ್ಧ ಮಾಡಿಸಬೇಕಾಗಿತ್ತು. ಅದು ಪುಕ್ಕಟೆ ನಡೆಯುತ್ತಿದ್ದದ್ದು ಆ ಕಾರ್ಡಿನ ಮೇಲೆ. ನೀನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ನಾನೂ ಅತ್ತೆ. ಅವತ್ತು ಅತ್ತದ್ದು ಸುಳ್ಳಲ್ಲ ಅಕ್ಕಾ. ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡರು.

ಆಮೇಲೆ ಚುನಾವಣೆ ಆಯಿತು, ಸಾಹೇಬರು ಗೆದ್ದರು, ಸರಕಾರ ನಮ್ಮದಾಯಿತು. ಹೋದ ವರ್ಷ ಅದೇ ಪಟ್ಟಿ ತಿರುಗಿ ಬಂತು, ಮೊದಲಿಗಿಂತ ಉದ್ದವಾಗಿ. ನಿನ್ನ ಹೆಸರಿನ ಮುಂದೆ ‘ಅನರ್ಹ’ ಎಂಬ ಒಂದೇ ಶಬ್ದ. ಯಾಕೆ ಎಂದು ಬರೆದಿರಲಿಲ್ಲ.

ಕಾರಣವನ್ನು ಸರಕಾರ ಕೊಡಲಿಲ್ಲ. ಓಣಿಯವರು ನಾವೇ ಕೊಟ್ಟೆವು. ಗೌಸಮೊದ್ದೀನನ ಚಹಾದಂಗಡಿಯಲ್ಲಿ ಕೂತು ಒಬ್ಬೊಬ್ಬರು ಒಂದೊಂದು ಹುಡುಕಿ ತಂದರು. ಹಾಸ್ಟೆಲ್ಲಿನ ರೊಟ್ಟಿ ವ್ಯಾಪಾರ ಜೋರು ನಡೆದಿದೆ ಎಂದರು. ಗರಗದಲ್ಲಿ ತವರಿನ ಹೊಲ ಇರಬೇಕು ಎಂದರು. ಮದುವೆಯೊಂದರಲ್ಲಿ ನೀನು ಬಂಗಾರದ ಬೆಂಡೋಲೆ ಹಾಕಿದ್ದನ್ನು ಕಣ್ಣಾರೆ ಕಂಡೆ ಎಂದಳು ನಮ್ಮ ಓಣಿಯ ಸತ್ಯವ್ವ. ಆ ಬೆಂಡೋಲೆ ನನ್ನ ಹೆಂಡತಿ ಭಾಗ್ಯಾಳವು. ಖಾಲಿ ಕಿವಿಯಲ್ಲಿ ಮದುವೆಗೆ ಹೋಗಬೇಡ ಎಂದು ಅವಳೇ ನಿನಗೆ ಹಾಕಿ ಕಳಿಸಿದ್ದಳು. ನನಗೆ ಗೊತ್ತಿತ್ತು. ಚಹಾ ಕುಡಿಯುತ್ತ ಕೂತೆ.

ಉಳ್ಳವರು ಬಿಟ್ಟುಕೊಟ್ಟರೆ ಇಲ್ಲದವರಿಗೆ ಸಿಗುತ್ತದೆ ಎಂದು ಸಾಹೇಬರು ಭಾಷಣ ಮಾಡಿದ್ದರು. ಅದನ್ನೇ ನಾನು ಟೆಂಪೋಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿಯಲ್ಲಿ ಒದರಿ ಬಂದಿದ್ದೆ. ಗೌಸಮೊದ್ದೀನ ಒಬ್ಬನೇ ಕೇಳಿದ. ‘ಯಲ್ಲೇಶಭಾಯ್, ಆವಾಗ ಇದು ಅನ್ಯಾಯ ಅಂತ ಒದರಿದಿ. ಈಗ ಹೆಂಗ ನ್ಯಾಯ ಆತು?’

‘ಆವಾಗ ಅವ್ರು ಕಸ್ಗೊಳ್ಳಾಕತ್ತಿದ್ರು, ಈಗ ನಾವು ತಿದ್ದಾಕತ್ತೇವಿ’ ಎಂದೆ. ಎಲ್ಲರೂ ನಕ್ಕರು. ಜನ ನಕ್ಕರೆ ನಾನು ಹೇಳಿದ್ದು ಸರಿ ಎಂದು ತಿಳಿಯುವ ಚಟ ನನಗೆ ಮೊದಲಿನಿಂದಲೂ ಇದೆ. ಗೌಸಮೊದ್ದೀನ ನಗಲಿಲ್ಲ, ಕಪ್ಪು-ಬಸಿ ತೊಳೆಯಲು ಹೋದ.

ಯಾಕೆ ಹಾಗಂದೆ ಎಂದು ನೀನು ಕೇಳಬಹುದು. ಸಾಹೇಬರು ನನಗೇನೂ ಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ಈ ಗಂಟಲು ಒಬ್ಬರದೇ ಜೈಕಾರ ಕೂಗಿದೆ. ಅವರು ಮಾಡಿದ್ದು ತಪ್ಪು ಎಂದು ಒಪ್ಪಿಕೊಂಡರೆ ನನ್ನ ಇಪ್ಪತ್ತು ವರ್ಷಕ್ಕೆ ಏನು ಹೇಳಲಿ? ಅದಕ್ಕಿಂತ ನೀನೇ ಸಾವುಕಾರತಿ ಎಂದುಕೊಳ್ಳುವುದು ಸುಲಭವಾಗಿತ್ತು.

ಆ ಸಂಜೆ ನೀನು ಚಹಾದಂಗಡಿಗೆ ಕಾಗದ ಹಿಡಿದುಕೊಂಡು ಬಂದೆ. ‘ಯಲ್ಲೇಶ, ನನ್ನ ಹೆಸರು ತಪ್ಪಿ ಬಂದೈತಿ. ಸಾಹೇಬ್ರ ಕಿವಿಗೆ ಒಂದ್ ಮಾತ್ ಹಾಕು’ ಎಂದೆ. ಸುತ್ತ ಎಂಟು ಮಂದಿ ಕೂತಿದ್ದರು. ನಾನು ಕಾಗದ ತೆಗೆದುಕೊಂಡು, ಮೈಕಿನ ಮುಂದೆ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡೆ.

‘ಬಡವರ ಪಟ್ಟಿಯಿಂದ ತಗದಾರಂದ್ರ ನೀ ಸಾವುಕಾರತಿ ಆದಿ ಬಿಡಕ್ಕಾ. ಇಂಥಾ ಸುದ್ದಿಗೆ ಬರಿಗೈಲೆ ಬರ್ತಾರೇನು? ಪೇಢೆ ಎಲ್ಲಿ?’

ಎಂಟೂ ಮಂದಿ ನಕ್ಕರು. ನೀನೂ ನಕ್ಕೆ. ತಮ್ಮನಾದವನು ನಾಲ್ಕು ಜನರ ನಡುವೆ ಜೋಕು ಹೇಳಿದಾಗ ಅಕ್ಕ ನಗದಿದ್ದರೆ ಅವನ ಮುಖ ಸಣ್ಣದಾಗುತ್ತದೆ ಎಂದು ನಕ್ಕೆ. ನನ್ನ ಅವ್ವ ಹೋದ ಮೇಲೆ ನಿನ್ನ ಒಲೆ ಮುಂದೆ ಕೂತು, ನೀನು ಹಂಚಿನಿಂದ ತೆಗೆದ ಮೊದಲ ರೊಟ್ಟಿ ತಿಂದು ಬೆಳೆದವನು ನಾನು. ನಿನ್ನ ನಗೆಯಲ್ಲಿ ಯಾವುದು ಯಾವ ತರಹದ್ದು ಎಂದು ನನಗೆ ತಿಳಿಯುತ್ತದೆ. ಅವತ್ತೂ ತಿಳಿದಿತ್ತು.

ವಾರ ಬಿಟ್ಟು ಪಂಚನಾಮೆ ಮಾಡಲು ಅಧಿಕಾರಿ ಒಬ್ಬ ಬರುತ್ತಾನೆ ಎಂದಾಯಿತು. ಮನೆ ನೋಡಿ, ಓಣಿಯ ಐದು ಜನರನ್ನು ಪಂಚರನ್ನಾಗಿ ಕೂಡಿಸಿ ಕೇಳಿ, ಇವರು ಬಡವರು ಹೌದು ಎಂದರೆ ಸಹಿ ಹಾಕಿಸಿಕೊಂಡು ಕಾರ್ಡು ತಿರುಗಿ ಕೊಡುವ ಪದ್ಧತಿ. ನೀನು ಮೊದಲು ನನ್ನನ್ನೇ ಕರೆದೆ. ನೀ ಸಹಿ ಹಾಕಿದರೆ ಉಳಿದವರು ಹಾಕುತ್ತಾರೆ ಎಂದೆ.

ನಾವು ಒಳಗೆ ಬಂದಾಗ ನೀನು ನೆಲ ಒರೆಸಿ ಚಾಪೆ ಹಾಸಿದ್ದೆ. ಮಾಮಾ ಮಂಚದ ಮೇಲೆ ಮಲಗಿದ್ದ, ಬೆಳಿಗ್ಗೆ ಸೂಜಿ ಚುಚ್ಚಿಸಿಕೊಂಡು ಬಂದ ಕೈ ತಲೆದಿಂಬಿನ ಮೇಲಿತ್ತು. ಚಹಾ ಕೊಟ್ಟ ಮೇಲೆ ನೀನು ಒಳಗಿನಿಂದ ದಾರ ಕಟ್ಟಿದ ಡಬ್ಬಿಯೊಂದನ್ನು ತಂದೆ. ‘ಐದು ಮಂದಿ ಮನಿಗೆ ಬಂದೀರಿ, ಬರೇ ಚಹಾ ಹೆಂಗ ಕೊಡೂದು. ಯಲ್ಲೇಶನೂ ಕೇಳಿದ್ದ’ ಎಂದೆ. ನಿನ್ನ ಧ್ವನಿಯಲ್ಲಿ ಚುಚ್ಚುವಂಥದ್ದು ಏನೂ ಇರಲಿಲ್ಲ. ಇದ್ದಿದ್ದರೆ ನನ್ನ ಭಾರ ಒಂದಿಷ್ಟು ಇಳಿಯುತ್ತಿತ್ತು.

ಬಂದಿದ್ದ ಅಧಿಕಾರಿ ಕೆಟ್ಟವನಲ್ಲ. ವಯಸ್ಸಿನಲ್ಲಿ ನಮಗಿಂತ ಸಣ್ಣವನು. ಅರ್ಧ ಪೇಢೆ ತಿಂದು, ಪೆನ್ನು ತೆಗೆದು, ‘ಈ ಮನಿ ಬಡವರದು ಹೌದೋ ಅಲ್ಲೋ, ನೀವ ಹೇಳ್ರಿ’ ಎಂದ. ಉಳಿದ ನಾಲ್ವರೂ ನನ್ನ ಮುಖ ನೋಡಿದರು. ಹೌದು ಎಂದರೆ ಪಟ್ಟಿ ಸುಳ್ಳು. ಪಟ್ಟಿ ಸುಳ್ಳು ಎಂದರೆ ನಮ್ಮವರು ಸುಳ್ಳು. ಸಂಜೆಯೊಳಗೆ ಯಾರಾದರೂ ಅದನ್ನು ಸಾಹೇಬರಿಗೆ ಮುಟ್ಟಿಸುತ್ತಾರೆ. ಇಷ್ಟೆಲ್ಲ ನಾನು ಒಂದು ಪೇಢೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಲೆಕ್ಕ ಹಾಕಿದೆ.

‘ಪೇಢೆ ತಿನಿಸವರು ಬಡವರು ಹೆಂಗ ಆಗ್ತಾರ್ರಿ ಸರ?’ ಎಂದೆ.

ಎಲ್ಲರೂ ನಕ್ಕರು, ಅಧಿಕಾರಿಯೂ ನಕ್ಕ. ನಗುತ್ತಲೇ ಬರೆದುಕೊಂಡ. ‘ಬಂದವರಿಗೆ ಸಿಹಿ ಕೊಟ್ಟು ಉಪಚರಿಸುವಷ್ಟು ಅನುಕೂಲವಿರುವ ಕುಟುಂಬ, ಪಂಚರದು ತಕರಾರಿಲ್ಲ.’ ಕೆಳಗೆ ಐದು ಸಹಿ. ಮೊದಲನೆಯದು ನನ್ನದು. ಮಾಮಾ ಮಾತ್ರ ನಗದೇ ಗೋಡೆ ಕಡೆ ಹೊರಳಿದ. ನಾನು ಚಪ್ಪಲಿ ಹಾಕಿಕೊಳ್ಳುವಾಗ ನೀನು ಉಳಿದ ಪೇಢೆಯ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟು, ‘ಭಾಗ್ಯಾಗ ಒಯ್ಯಿ’ ಎಂದೆ. ಏನು ಬರೆದುಕೊಂಡು ಹೋದರು ಎಂದು ನಿನಗೆ ಇನ್ನೂ ಗೊತ್ತಿರಲಿಲ್ಲ.

ಭಾಗ್ಯಾ ಒಂದೂ ತಿನ್ನಲಿಲ್ಲ. ‘ಬೆಂಡೋಲಿ ನನ್ನವು ಅಂತಾದರೂ ಹೇಳಬೇಕಿತ್ತಲ್ರಿ’ ಎಂದಳು. ಅಷ್ಟೇ. ಅದಾದ ಮೇಲೆ ಆ ಬೆಂಡೋಲೆಯನ್ನು ಅವಳು ಹಾಕಿಕೊಂಡಿಲ್ಲ.

ಕಾರ್ಡು ಹೋಗಿ, ಮಾಮಾನ ರಕ್ತ ಶುದ್ಧಿ ವಾರಕ್ಕೆ ಎರಡು ಸಲ ಇದ್ದದ್ದು ಒಂದಾಯಿತು. ಆಮೇಲೆ ನೀವು ಮನೆಗೆ ಬೀಗ ಹಾಕಿ ಗರಗಕ್ಕೆ ದಾನವ್ವನ ಹತ್ತಿರ ಹೋದಿರಿ. ಮಾಮಾನ ಕಾಲು ಬಾತು ಚಪ್ಪಲಿ ಹಿಡಿಯುತ್ತಿಲ್ಲ ಎಂದು ಮೊನ್ನೆ ಗೌಸಮೊದ್ದೀನ ಹೇಳಿದ. ಗರಗದ ತನಕ ಹೋಗಿ ನೋಡಿಕೊಂಡು ಬಂದವನು ಅವನು. ನಾನಲ್ಲ.

ಇನ್ನೊಂದು ಮಾತು. ನಮ್ಮ ಮನೆಯ ಕಾರ್ಡು ಹಾಗೇ ಇದೆ. ನನಗೆ ಟೆಂಪೋ ಇದೆ, ಅಂಗಡಿ ಇದೆ. ಎರಡು ಸಲವೂ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ, ಓಣಿಯೂ ಕೇಳಲಿಲ್ಲ. ನಿನ್ನ ಕಿವಿಯ ಬೆಂಡೋಲೆ ಕಂಡ ಕಣ್ಣಿಗೆ ಬಾಗಿಲಲ್ಲಿ ನಿಂತ ನನ್ನ ಟೆಂಪೋ ಕಾಣಲಿಲ್ಲ.

ಈ ತಿಂಗಳ ಕೊನೆಯ ತನಕ ತಕರಾರು ಅರ್ಜಿ ಕೊಡಬಹುದಂತೆ. ಹಳೆಯ ಪಂಚನಾಮೆಯ ಪಂಚರಲ್ಲಿ ಒಬ್ಬರಾದರೂ ಬಂದು, ಅವತ್ತು ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟರೆ ಮತ್ತೆ ಮನೆ ನೋಡುತ್ತಾರಂತೆ. ಕಚೇರಿಗೆ ಹೋಗಿ ಕೇಳಿಕೊಂಡು ಬಂದಿದ್ದೇನೆ. ಅವತ್ತು ಸುಳ್ಳು ಹೇಳಿದವನನ್ನು ಇವತ್ತು ಹೇಗೆ ನಂಬಲಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನನ್ನ ಕಾರ್ಡನ್ನು ಅವರ ಟೇಬಲ್ ಮೇಲೆ ಇಡಬೇಕು ಎಂದುಕೊಂಡಿದ್ದೇನೆ. ಇದನ್ನು ಭಾಗ್ಯಾಗೆ ಇನ್ನೂ ಹೇಳಿಲ್ಲ. ಸೋಮವಾರ ಟೆಂಪೋ ತಂದು ನಿನ್ನನ್ನೂ ಮಾಮಾನನ್ನೂ ಕರೆದೊಯ್ಯುತ್ತೇನೆ. ಅದೇ ಸೋಮವಾರ ಸಾಹೇಬರ ಸಭೆಯೂ ಇದೆ, ಮೈಕು ನನಗೇ ಹೇಳಿದ್ದಾರೆ. ಬರುವುದಿಲ್ಲ ಎಂದು ಹೇಳಲು ಬೆಳಿಗ್ಗೆಯಿಂದ ಮೂರು ಸಲ ಫೋನು ಕೈಗೆ ತೆಗೆದುಕೊಂಡು ಕೆಳಗಿಟ್ಟೆ. ಇಪ್ಪತ್ತು ವರ್ಷ ಸಾವಿರ ಜನರ ಮುಂದೆ ನಡುಗದ ಧ್ವನಿ ಒಬ್ಬರಿಗೆ ಒಂದು ಮಾತು ಹೇಳಲು ನಡುಗುತ್ತದೆ. ನಗಬೇಡ. ಅಥವಾ ನಗು, ನಿಜವಾದ ನಗೆ ಬಂದರೆ.

ಭಾಗ್ಯಾ ಕರೆಯುತ್ತಿದ್ದಾಳೆ. ‘ಏನ್ರಿ, ಅನ್ನ ಆರಾಕತ್ತೈತಿ, ಬರ್ರಿ ಊಟಕ್ಕ.’ ಆ ಅಕ್ಕಿ ಯಾವ ಕಾರ್ಡಿನದು ಎಂದು ನಿನಗೆ ಹೇಳಬೇಕಾಗಿಲ್ಲ. ಕಾಗದ ಮಡಚಿ ಏಳುತ್ತೇನೆ. ತಾಟಿನ ಮುಂದೆ ಕೂಡುವ ಮೊದಲು ಅವಳಿಗೆ ಹೇಳುತ್ತೇನೆ.

ಮಾಮಾನ ಕಾಲಿನ ಬಾವು ಇಳಿಯಲಿ, ನಿನ್ನ ಒಲೆ ತಿರುಗಿ ನಮ್ಮ ಓಣಿಯಲ್ಲೇ ಉರಿಯಲಿ. ಸೋಮವಾರ ಹಾರ್ನು ಕೇಳಿಸಿದರೆ ಬಾಗಿಲು ತೆಗೆ ಅಕ್ಕಾ. ಈ ಸಲ ಬರೇ ನೀರು ಕೊಡು.

ನಿನ್ನ ರೊಟ್ಟಿಯ ಋಣದ ತಮ್ಮ,
ಯಲ್ಲೇಶ