ಮಾರ್ಚ್ ಹತ್ತೊಂಬತ್ತರ ಭಾಷಣ

ಗ್ರಾಮ ಪಂಚಾಯತಿ ಗ್ರಂಥಾಲಯ, ಹೊಸಬೈಲು
ಹೊಸನಗರ ತಾಲ್ಲೂಕು
ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ರವೀಂದ್ರ ಅವರಿಗೆ,

ಹೇಮಾವತಿಯ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಅದನ್ನು ಬರೆಯುತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀವು ‘ಆಮೇಲೆ ಮಾಡ್ತೀನಿ, ಸಾಹೇಬ್ರು ಕರೀತಿದಾರೆ’ ಎನ್ನುತ್ತೀರಿ. ನೀವು ಮನೆ ಬಿಟ್ಟು ಅವರ ಆಪ್ತ ಸಹಾಯಕರಾಗಿ ಬೆಂಗಳೂರಿಗೆ ಹೋದ ನಾಲ್ಕು ವರ್ಷದಿಂದ ಸಾಹೇಬರು ಕರೆಯುತ್ತಲೇ ಇದ್ದಾರೆ. ಅದಕ್ಕೇ ಕಾಗದ. ಇದರ ಒಂದು ಪ್ರತಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ನಾಳೆ ಬೇರೆಯವರು ಓದಬೇಕಾಗಿ ಬಂದರೆ ಅವರಿಗೂ ತಿಳಿಯಲಿ ಎಂದು ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಕಾಗದಕ್ಕೆ ಕಾರಣವಾದ ಮಾತನ್ನು ಮೊದಲು ಹೇಳಿದವನು ನೀರುಗಂಟಿ ಮಾಸ್ತಪ್ಪ. ಹೇಳಿದ್ದು ಈ ತಿಂಗಳ ಮೊದಲ ಸೋಮವಾರ, ಟ್ಯಾಂಕಿಗೆ ನೀರು ಬಿಟ್ಟು ಬಂದು ಗ್ರಂಥಾಲಯದ ಕಟ್ಟೆಯ ಮೇಲೆ ಕೂತಾಗ. ಕೇಳಿದವರು ಅವನ ಹೆಂಡತಿ ಹೂವಮ್ಮ, ಹಾಲಿನ ಡೈರಿಯ ಕೆರಿಯಮ್ಮ, ನಿಮ್ಮ ಸೋದರತ್ತೆ ಕನ್ನಮ್ಮ ಮತ್ತು ನಾನು. ಮಾಸ್ತಪ್ಪನ ಮಾತು ನಿಮಗೆ ಗೊತ್ತಲ್ಲ, ನಲ್ಲಿಯ ವಾಷರ್ ಹಾಳಾದದ್ದನ್ನೂ ಅವನು ಸಮುದ್ರ ಮಥನದಿಂದ ಶುರುಮಾಡುತ್ತಾನೆ. ಅಂದು ಹಾಗೆ ಮಾಡಲಿಲ್ಲ. ಗೋಡೆಯ ಮೇಲೆ ನಾನು ಅಂಟಿಸಿದ್ದ ಹಾಳೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಜೇಬಿನಿಂದ ಒಂದು ಮಡಿಸಿದ ರಶೀದಿ ತೆಗೆದು ಹಾಳೆಯ ಪಕ್ಕಕ್ಕೆ ಹಿಡಿದ.

ಗೋಡೆಯ ಮೇಲಿದ್ದದ್ದು ನಿಮ್ಮ ಸಾಹೇಬರ ಪುಸ್ತಕದ ಪುಟ. ವಿಧಾನ ಪರಿಷತ್ ಸದಸ್ಯ ಗಣೇಶಮೂರ್ತಿಯವರು ಆರು ವರ್ಷ ಮೇಲ್ಮನೆಯಲ್ಲಿ ಆಡಿದ ಮಾತುಗಳನ್ನೆಲ್ಲ ಸೇರಿಸಿ ಆಗಸ್ಟ್‌ನಲ್ಲಿ ತೀರ್ಥಹಳ್ಳಿಯಲ್ಲಿ ಬಿಡುಗಡೆ ಮಾಡಿದಿರಲ್ಲ, ಅದೇ. ಜಿಲ್ಲೆಯ ಎಲ್ಲ ಪಂಚಾಯತಿ ಗ್ರಂಥಾಲಯಗಳಿಗೂ ಎರಡೆರಡು ಪ್ರತಿ ಬಂದವು. ಅದರಲ್ಲಿ ನೂರ ಹನ್ನೆರಡನೇ ಪುಟದಿಂದ ನಮ್ಮ ಹೊಸಬೈಲಿನ ಏಳು ಮನೆಗಳ ಮಾತು. ಮಾಣಿ ಡ್ಯಾಮಿನ ನೀರು ನಿಂತಾಗ ಮುಳುಗಿದ ಊರಿನವರು ಇಲ್ಲಿಗೆ ಬಂದದ್ದು, ಸರ್ಕಾರವೇ ತೋರಿಸಿದ ಜಾಗದಲ್ಲಿ ಮನೆ ಕಟ್ಟಿದ್ದು, ಇವತ್ತಿಗೂ ಹಕ್ಕುಪತ್ರ ಸಿಗದಿರುವುದು. ನಾಲ್ಕೂವರೆ ಪುಟ. ಕೊನೆಯಲ್ಲಿ ಸಚಿವರ ಉತ್ತರ: ‘ಜಂಟಿ ಅಳತೆ ಮುಗಿಯುವವರೆಗೆ ಈ ಏಳು ಕುಟುಂಬಗಳಲ್ಲಿ ಯಾರನ್ನೂ ಎಬ್ಬಿಸುವುದಿಲ್ಲ ಎಂದು ಸದನಕ್ಕೆ ಭರವಸೆ ಕೊಡುತ್ತೇನೆ.’ ಅದರ ಮುಂದೆ ಆವರಣದಲ್ಲಿ, ಮೇಜು ಕುಟ್ಟಿ ಸ್ವಾಗತ. ಮೇಲೆ ದಿನಾಂಕ, ಈ ವರ್ಷದ ಮಾರ್ಚ್ ೧೯.

ಮಾಸ್ತಪ್ಪನ ರಶೀದಿಯ ಮೇಲೂ ಮಾರ್ಚ್ ೧೯ ಎಂದಿತ್ತು. ಸಾಗರದ ಹತ್ತಿರದ ವರದಹಳ್ಳಿ ಆಶ್ರಮದಲ್ಲಿ ಸೇವೆ ಮಾಡಿಸಿದ ರಶೀದಿ.

‘ಅವತ್ತು ಊಟದ ಪಂಕ್ತಿಯಲ್ಲಿ ನನ್ನ ಎಡಗಡೆ ಕೂತಿದ್ದವ್ರು ಯಾರು ಗೊತ್ತಾ? ಈ ಗಣೇಶಮೂರ್ತಿಯವ್ರೇ,’ ಎಂದ ಮಾಸ್ತಪ್ಪ. ‘ಎರಡು ಸಲ ಪಾಯಸ ಹಾಕಿಸ್ಕಂಡ್ರು. ನಮ್ಮ ಮೋಟರ್ ಸುಟ್ಟದ್ದು ಹೇಳ್ದೆ. ನೋಡುವಾ ಅಂದ್ರು.’

ಹೂವಮ್ಮನೂ ಹೌದೆಂದಳು. ಕೆರಿಯಮ್ಮ ಒಪ್ಪಲಿಲ್ಲ. ‘ಬೆಳಿಗ್ಗೆ ಬೆಂಗ್ಳೂರಲ್ಲಿ ಮಾತಾಡಿ ಹೆಲಿಕಾಪ್ಟರಲ್ಲಿ ಬಂದಿರ್ಬೌದು ಮಾರಾಯ. ದೊಡ್ಡವ್ರಿಗೆ ಎಂತ ಕಷ್ಟ?’

‘ಹೆಲಿಕಾಪ್ಟರಲ್ಲಿ ಬಂದವ್ರು ಚಪ್ಪಲಿ ಕಳದೋತು ಅಂತ ಅರ್ಧ ಗಂಟೆ ಹುಡುಕ್ತಾರನೆ? ಜೊತೆಗೆ ನಾನೂ ಹುಡುಕಿದೀನಿ.’

ಎಲ್ಲರೂ ನಕ್ಕರು, ಕನ್ನಮ್ಮತ್ತೆ ಮಾತ್ರ ನಗಲಿಲ್ಲ. ಅವರು ನನ್ನನ್ನು ನೋಡುತ್ತಿದ್ದರು.

ಯಾಕೆ ನಗಲಿಲ್ಲ ಎಂದು ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ಏಳೂ ಮನೆಗೆ ನೋಟೀಸು ಬಂತು. ಒತ್ತುವರಿ ಜಾಗ, ತೆರವು ಮಾಡಬೇಕು, ತಕರಾರಿದ್ದರೆ ಮೂವತ್ತು ದಿನದೊಳಗೆ ಅರ್ಜಿ ಕೊಡಿ ಎಂದು. ಬೇರೆ ಊರಿನವರು ನೋಟೀಸು ಬಂದ ಮಾರನೇ ದಿನವೇ ಅರ್ಜಿ ಹಿಡಿದು ಸಾಗರದ ಉಪವಿಭಾಗ ಕಚೇರಿಗೆ ಓಡುತ್ತಾರೆ. ನಮ್ಮವರು ಓಡಲಿಲ್ಲ. ನಮ್ಮ ಹತ್ತಿರ ಪುಸ್ತಕ ಇತ್ತಲ್ಲ. ನೀವು ಕೆಲಸಕ್ಕೆ ಸೇರಿದ ಹೊಸದರಲ್ಲಿ ರಜೆಗೆ ಬಂದಾಗ ಇದೇ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿದ್ದಿರಿ. ಮಂತ್ರಿ ಸಂತೆಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಸದನದಲ್ಲಿ ಹೇಳಿದ್ದು ಹೋಗುವುದಿಲ್ಲ, ಅದನ್ನು ಬರೆದಿಟ್ಟು, ಮಾಡಿದಿರಾ ಇಲ್ಲವಾ ಎಂದು ಕೇಳಲು ಭರವಸೆಗಳ ಸಮಿತಿ ಎಂದೇ ಒಂದಿದೆ ಎಂದು. ಅದು ಎಲ್ಲರ ತಲೆಯಲ್ಲಿ ಕೂತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಮಾತಾಗಿ ಹೋದ ಮೇಲೆ ನಾವು ಅರ್ಜಿ ಹಾಕಿದರೆ ಸಚಿವರ ಮಾತನ್ನೇ ನಂಬಲಿಲ್ಲ ಎಂದಾಗುತ್ತದೆ, ಬೇಡ ಎಂದು ಯಾರೋ ಅಂದರು. ಎಲ್ಲರೂ ಸರಿ ಎಂದರು. ಮೂವತ್ತು ದಿನ ಕಳೆದು ಹೋಯಿತು. ಬರುವ ಗುರುವಾರ, ಇಪ್ಪತ್ತನೇ ತಾರೀಕು, ಸಾಗರದಲ್ಲಿ ವಿಚಾರಣೆ. ನೂರ ಹನ್ನೆರಡನೇ ಪುಟ ತೋರಿಸಿದರೆ ಸಾಕು ಎಂದು ಕನ್ನಮ್ಮತ್ತೆ ಪುಸ್ತಕಕ್ಕೆ ಹಳದಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದರು.

ಮಾಸ್ತಪ್ಪ ಎದ್ದು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಆ ಪುಟಗಳನ್ನು ಇನ್ನೊಮ್ಮೆ ಓದಿದೆ. ಸಾಹೇಬರ ಭಾಷಣದ ಮೇಲೆ ನನ್ನ ಅನುಮಾನವಿಲ್ಲ. ಯಾರೋ ಬರೆದುಕೊಡುತ್ತಾರೆ, ಅವರು ಓದುತ್ತಾರೆ, ಅದು ಎಲ್ಲ ಕಡೆ ಇರುವುದೇ. ನನ್ನ ಅನುಮಾನ ಸಚಿವರ ಉತ್ತರದ ಮೇಲೆ. ಆ ಸಚಿವರು ಹೊಸನಗರ ದಾಟಿ ಈ ಕಡೆ ಬಂದವರಲ್ಲ. ಆ ಉತ್ತರದಲ್ಲಿರುವ ಹಾಗೆ, ಕನ್ನಮ್ಮತ್ತೆಯ ಮನೆಯ ಹಿಂದಿರುವುದು ಬಕ್ಕೆ ಹಲಸು, ಅದರ ಬುಡದಲ್ಲಿ ಮುಳುಗಿದ ಊರಿಂದ ಹೊತ್ತು ತಂದ ಒರಳು ಇದೆ ಎಂದು ಅವರಿಗೆ ಹೇಳಿದವರು ಯಾರು? ಸದನದಲ್ಲಿ ನಿಂತು ಸಚಿವರೊಬ್ಬರು ‘ಆ ಒರಳಿನಲ್ಲಿ ಈಗಲೂ ದೋಸೆಗೆ ರುಬ್ಬುತ್ತಾರೆ’ ಎನ್ನುತ್ತಾರಾ? ಆ ದೋಸೆ ತಿಂದು ಬೆಳೆದವರು ಯಾರು ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಒಂದೊಂದು ಅನುಮಾನ ಇನ್ನೊಂದನ್ನು ಎಬ್ಬಿಸಿತು. ಪರಿಷತ್ತಿನ ಕಲಾಪದ ವರದಿಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ, ಗ್ರಂಥಾಲಯಕ್ಕೆ ಕೊಟ್ಟ ಕಂಪ್ಯೂಟರ್ ಇದ್ದೇ ಇತ್ತು. ಹತ್ತು ದಿನ ಕೂತು ಪುಸ್ತಕದ ನಲವತ್ತೊಂದು ಭಾಷಣಗಳನ್ನೂ ಒಂದೊಂದಾಗಿ ತಾಳೆ ನೋಡಿದೆ. ನ್ಯಾಯವಾಗಿ ಹೇಳಬೇಕೆಂದರೆ ನಲವತ್ತು ನಿಜ. ಮಂಗನ ಕಾಯಿಲೆಯ ಲಸಿಕೆಯ ಬಗ್ಗೆ ಅವರು ಕೇಳಿದ್ದು ನಿಜ, ಅತಿಥಿ ಶಿಕ್ಷಕರ ಬಗ್ಗೆ ಮಾತಾಡಿದ್ದು ನಿಜ. ಅಲ್ಲಿ ಎರಡು ಸಾಲು ಇದ್ದದ್ದು ಪುಸ್ತಕದಲ್ಲಿ ಎರಡು ಪುಟವಾಗಿದೆ, ಇರಲಿ. ಮಾರ್ಚ್ ಹತ್ತೊಂಬತ್ತರದ್ದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ವರದಿಯಲ್ಲಿ ಇಷ್ಟೇ ಇದೆ: ಗಮನ ಸೆಳೆಯುವ ಸೂಚನೆ. ಸಭಾಪತಿಯವರು ಸದಸ್ಯರ ಹೆಸರು ಕರೆದರು. ಸದಸ್ಯರು ಹಾಜರಿರಲಿಲ್ಲ. ಮುಂದಿನ ವಿಷಯವನ್ನು ಕೈಗೆತ್ತಿಕೊಳ್ಳಲಾಯಿತು.

ಸಚಿವರು ಎದ್ದೇ ಇಲ್ಲ. ಮೇಜು ಕುಟ್ಟಿದ ಸದ್ದನ್ನೂ ನೀವೇ ಬರೆದಿದ್ದೀರಿ.

ಹೇಗೆ ನಡೆದಿರಬಹುದು ಎಂದು ನಾನೇ ಒಂದು ಕಥೆ ಕಟ್ಟಿಕೊಂಡೆ, ತಪ್ಪಿದ್ದರೆ ತಿದ್ದಿ. ಆ ಸೂಚನೆ ಕೊಡಿಸಲು ನೀವು ಬಹಳ ದಿನ ಸಾಹೇಬರ ಬೆನ್ನು ಹತ್ತಿರುತ್ತೀರಿ. ಭಾಷಣ ಬರೆದು, ಅಕ್ಷರ ದೊಡ್ಡದು ಮಾಡಿ ಪ್ರಿಂಟ್ ತೆಗೆದು ಕೊಟ್ಟಿರುತ್ತೀರಿ. ಅವರು ನಿಮಗೂ ಹೇಳದೆ ವರದಹಳ್ಳಿಗೆ ಹೋದರು. ಕರೆದಾಗ ಹೆಸರಿನವರು ಇರಲಿಲ್ಲ, ವಿಷಯ ಬಿದ್ದು ಹೋಯಿತು. ಮೇಲೆ ಗ್ಯಾಲರಿಯಲ್ಲಿ ನೀವು ಕೂತಿದ್ದಿರಾ? ಕೂತಿದ್ದಿರಿ ಎಂದೇ ನನಗನ್ನಿಸುತ್ತದೆ. ಆಮೇಲೆ ಪುಸ್ತಕ ಮಾಡುವಾಗ ಆ ಭಾಷಣ ಎಸೆಯಲು ಮನಸ್ಸಾಗಲಿಲ್ಲ. ಅಲ್ಲಿಯವರೆಗೆ ನನಗೆ ಅರ್ಥವಾಗುತ್ತದೆ. ಆದರೆ ಭಾಷಣಕ್ಕೆ ಉತ್ತರ ಬೇಕೆಂದು ಉತ್ತರವನ್ನೂ ಬರೆದಿರಲ್ಲ, ಅಲ್ಲಿಂದ ಮುಂದೆ ಅರ್ಥವಾಗುವುದಿಲ್ಲ. ಓದುವವರು ಯಾರೂ ಇಲ್ಲ ಅಂದುಕೊಂಡಿರಾ? ಅಥವಾ ಸಾಹೇಬರೇ ಬರೆಯಲು ಹೇಳಿದರಾ? ಹೇಳಿದ್ದರೆ ನೀವು ಅವರನ್ನು ಉಳಿಸುತ್ತೀರೋ, ಅತ್ತೆಯ ಮನೆಯನ್ನೋ? ಒಂದು ಕಾಲದಲ್ಲಿ ಇದನ್ನು ಕೇಳಬೇಕಾಗಿರಲಿಲ್ಲ. ಈಗ ಕೇಳಲೇಬೇಕಾಗಿದೆ.

ನಿನ್ನೆ ಶನಿವಾರ ಸಂಜೆ ಏಳೂ ಮನೆಯವರನ್ನು ಕರೆದು ವರದಿಯ ಆ ಸಾಲುಗಳನ್ನು ಓದಿದೆ. ಓದಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ‘ಮುಂದೆ ಓದು,’ ಎಂದರು ಕನ್ನಮ್ಮತ್ತೆ. ಮುಂದೆ ಇಲ್ಲ ಎಂದೆ.

ಕೆರಿಯಮ್ಮ ಕೇಳಿದಳು. ‘ನಿಂಗೂ ಗೊತ್ತಿತ್ತನೆ ಹೇಮಕ್ಕ? ಗಂಡ ಬರ್ದಿದ್ದು ಹೆಂಡ್ತಿಗೆ ಗೊತ್ತಾಗಲ್ವಾ?’

‘ಗಂಡ ಮನೆ ಬಿಟ್ಟು ನಾಕು ವರ್ಷ ಆತು. ಅವಳಿಗೆ ಎಂತ ಗೊತ್ತಿರ್ತದೆ? ಸುಮ್ನಿರು,’ ಎಂದಳು ಹೂವಮ್ಮ.

ನಾನು ಇಲ್ಲ ಎಂದೆ. ಕೆರಿಯಮ್ಮ ನಂಬಿದ ಹಾಗೆ ಕಾಣಲಿಲ್ಲ. ಮಾಸ್ತಪ್ಪ, ಗುರುವಾರ ಈ ಪುಸ್ತಕ ತೋರಿಸಿದರೆ ಅಲ್ಲಿಯ ವಕೀಲರು ನಗಾಡುತ್ತಾರೆ, ನಾಳೆ ನಾವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ ಎಂದ. ಅದು ಸರಿಯಾದ ಮಾತು. ಸಾಗರದಲ್ಲಿ ನನಗೆ ಪರಿಚಯದ ವಕೀಲರೊಬ್ಬರನ್ನು ಕೇಳಿದ್ದೆ. ತಡವಾದ ಅರ್ಜಿಯನ್ನೂ ತೆಗೆದುಕೊಳ್ಳುತ್ತಾರೆ, ಆದರೆ ತಡವಾದದ್ದಕ್ಕೆ ನಂಬುವಂಥ ಕಾರಣ ಬೇಕು, ಕಾರಣಕ್ಕೆ ಸಾಕ್ಷಿ ಬೇಕು ಎಂದರು. ಅದನ್ನೂ ಹೇಳಿದೆ. ಆ ಪುಟ ಬರೆದವರು ನಾನೇ ಬರೆದೆ ಎಂದು ಬಂದು ಹೇಳಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಹೇಳದೆಯೇ ಎಲ್ಲರಿಗೂ ಹೊಳೆಯಿತು. ಯಾರೂ ನಿಮ್ಮ ಹೆಸರೆತ್ತದೆ ಎದ್ದು ಹೋದರು.

ಈಗ ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ಬುಧವಾರ ರಾತ್ರಿಯ ರೈಲು ಹತ್ತಿ ಗುರುವಾರ ಬೆಳಿಗ್ಗೆ ಸಾಗರದಲ್ಲಿ ಇಳಿಯಿರಿ. ಕೊನೆಯ ನಿಲ್ದಾಣ ತಾಳಗುಪ್ಪದವರೆಗೆ ಹೋಗಿ ನಿದ್ದೆ ಬಂದಿತ್ತು ಎನ್ನಬೇಡಿ, ಅದನ್ನು ಒಮ್ಮೆ ಕೇಳಿದ್ದೇನೆ. ಬಂದು ನಿಜ ಹೇಳಿದರೆ ನಿಮ್ಮ ಕೆಲಸ ಹೋಗುತ್ತದೆ, ಗೊತ್ತು. ಬಾರದಿದ್ದರೆ ಏಳು ಮನೆ ಹೋಗುತ್ತದೆ. ಈ ಕಾಗದವನ್ನು ರಾಮಚಂದ್ರಪ್ಪ ಮಾಸ್ತರ ಕೈಯಲ್ಲಿ ಕಳಿಸುತ್ತಿದ್ದೇನೆ. ಇವತ್ತಿನ ರೈಲಿಗೆ ಬೆಂಗಳೂರಿನ ಮಗಳ ಮನೆಗೆ ಹೊರಟಿದ್ದಾರೆ. ಶಾಸಕರ ಭವನದ ಮೇಜಿನ ಮೇಲೆ ಇಟ್ಟು ಬರಬೇಡಿ, ಅವರ ಕೈಯಲ್ಲೇ ಕೊಟ್ಟು ಅವರು ಓದುವವರೆಗೆ ನಿಂತಿರಿ ಎಂದು ಹೇಳಿದ್ದೇನೆ. ಮಾಸ್ತರು ಎದುರಿಗೆ ನಿಂತಿದ್ದಾರೆ ಎಂದರೆ ಅದಕ್ಕೇ.

ಇವತ್ತು ಬೆಳಿಗ್ಗೆಯದನ್ನೂ ಹೇಳಿ ಮುಗಿಸುತ್ತೇನೆ. ಭಾನುವಾರ ಗ್ರಂಥಾಲಯ ತೆರೆಯುವುದು ಹತ್ತಕ್ಕೆ. ಏಳೂ ಮನೆಯವರು ಎಂಟಕ್ಕೇ ಬಂದು ಕಟ್ಟೆಯ ಮೇಲೆ ಕೂತಿದ್ದರು, ಕೈಯಲ್ಲಿ ಬಿಳಿ ಹಾಳೆ. ಬೈಗುಳ ಇರುತ್ತದೆ ಎಂದುಕೊಂಡು ಹೋದೆ. ಬೈಯಲಿಲ್ಲ. ಕೆರಿಯಮ್ಮ ಏಳು ಅರ್ಜಿ ಬರೆದಳು, ಅವಳ ಅಕ್ಷರ ದುಂಡಗಿದೆ. ಮಾಸ್ತಪ್ಪ ಮನೆಗಳ ಗಡಿ ಹೇಳಿದ. ತಡವಾದದ್ದಕ್ಕೆ ಕಾರಣ ಎಂಬಲ್ಲಿಗೆ ಬಂದಾಗ ಅವಳು ನಿಮ್ಮ ಹೆಸರು ಬರೆಯಲು ಹೋದಳು. ಕನ್ನಮ್ಮತ್ತೆ ಅವಳ ಕೈ ಹಿಡಿದು, ‘ಅದನ್ನ ಬಿಡು. ಬರ್ದವನೇ ಬಂದು ಬರೀತಾನೆ,’ ಎಂದರು. ಏಳು ಹಾಳೆಯಲ್ಲೂ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟು, ಕೆಳಗೆ ಒಬ್ಬೊಬ್ಬರಾಗಿ ರುಜು ಹಾಕಿ, ಮನೆಗೆ ಹೋದರು.

ಇಂತಿ,
ಹೇಮಾವತಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಅರ್ಜಿ ಬೇಡ ಎಂದು ಯಾರೋ ಅಂದರು ಎಂದೆನಲ್ಲ, ಅದು ನಾನು. ಕೆರಿಯಮ್ಮನಿಗೆ ಇಲ್ಲ ಎಂದದ್ದೂ ಸುಳ್ಳು. ಆಗಸ್ಟ್‌ನಲ್ಲಿ ಪುಸ್ತಕದ ಕಟ್ಟು ಬಿಚ್ಚಿ ಓದಿದ ದಿನವೇ ಸಚಿವರ ಮಾತೂ ನಿಮ್ಮದೇ ಎಂದು ನನಗೆ ತಿಳಿದಿತ್ತು. ಆದರೂ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ಇಷ್ಟು ಜನ ಉಸಿರು ಹಿಡಿದು ನಿಮ್ಮ ಮಾತು ಕೇಳುತ್ತಿದ್ದರು, ನನಗೆ ಹೆಮ್ಮೆ ಬಂದುಬಿಟ್ಟಿತ್ತು, ನಿಲ್ಲಿಸಲಾಗಲಿಲ್ಲ. ನೀವು ಬಾರದಿದ್ದರೆ ಗುರುವಾರ ಆ ಏಳು ಖಾಲಿ ಜಾಗದಲ್ಲೂ ನನ್ನ ಹೆಸರು ಬರೆಯುತ್ತೇನೆ. ಬಂದರೆ ಅರ್ಧ ನೀವು ಬರೆಯಿರಿ, ಅರ್ಧ ನಾನು ಬರೆಯುತ್ತೇನೆ.